ಕೊಂಜಾಕ್ ರಬ್ಬರಿನಂತೆ, ಜುಕಿನಿ ನೀರಿನಂತೆ: ಎಲ್ಲಿ ತಪ್ಪುತ್ತಿದೆ?

ಪ್ರಶ್ನೆ: ನನಗೆ 43 ವರ್ಷ. ಎಂಟು ಕಿಲೋ ಇಳಿಸಬೇಕು, ಸಕ್ಕರೆಯೂ ಗಡಿಯಲ್ಲಿದೆ ಎಂದಿದ್ದಾರೆ ಡಾಕ್ಟರು. ಅನ್ನ, ಚಪಾತಿ ಕಡಿಮೆ ಮಾಡಿದೆ, ನೂಡಲ್ಸ್ ಮಾತ್ರ ಬಿಡಲಾಗುತ್ತಿಲ್ಲ. ಆನ್‌ಲೈನ್‌ನಲ್ಲಿ ಕೊಂಜಾಕ್ ನೂಡಲ್ಸ್ ತರಿಸಿದೆ. ಪ್ಯಾಕೆಟ್ ಕತ್ತರಿಸಿದರೆ ಮೀನಿನ ವಾಸನೆ. ನಮ್ಮದು ಮೊಟ್ಟೆಯೂ ಇಲ್ಲದ ಸಸ್ಯಾಹಾರಿ ಮನೆ, ಅತ್ತೆ ಮೂಗು ಮುಚ್ಚಿಕೊಂಡು ಎದ್ದು ಹೋದರು. ಅರ್ಧ ಗಂಟೆ ಬೇಯಿಸಿದರೂ ರಬ್ಬರು ಜಗಿದಂತೆ. ಆಮೇಲೆ ಸೌತೆಯಂತೆ ಕಾಣುವ ಜುಕಿನಿ ಎಂಬ ತರಕಾರಿಯನ್ನು ಎಳೆ ತೆಗೆದು ಮಾಡಿದೆ, ತಟ್ಟೆ ತುಂಬ ನೀರು. ಇವನ್ನು ತಿನ್ನುವ ಹಾಗೆ ಮಾಡಲು ದಾರಿ ಇದೆಯೇ? ದಿನಾ ತಿನ್ನಬಹುದೇ? ಶ್ಯಾವಿಗೆ ಮಾಡುವ ಅಡುಗೆಗಳಿಗೆ ಇದನ್ನು ಹಾಕಬಹುದೇ?

ಉತ್ತರ: ದಾರಿ ಇದೆ. ಆದರೆ ನೂಡಲ್ಸ್ ಮಾಡುವ ಅಭ್ಯಾಸದಲ್ಲೇ ಇವನ್ನು ಮಾಡಿದರೆ ಕೆಡುವುದು ಖಂಡಿತ. ಗೋಧಿ ನೂಡಲ್ಸ್‌ನಲ್ಲಿ ಪಿಷ್ಟ ಸದ್ದಿಲ್ಲದೆ ಮೂರು ಕೆಲಸ ಮಾಡುತ್ತಿರುತ್ತದೆ. ಬಾಣಲೆಯ ನೀರನ್ನು ಹೀರುತ್ತದೆ, ಸಾಸನ್ನು ಎಳೆಗೆ ಅಂಟಿಸುತ್ತದೆ, ಹೊಟ್ಟೆಯನ್ನು ನಾಲ್ಕು ಗಂಟೆ ಸುಮ್ಮನಿರಿಸುತ್ತದೆ. ಕ್ಯಾಲೊರಿ ಬೇಡವೆಂದು ಪಿಷ್ಟವನ್ನು ತೆಗೆದಿರಿ. ಅದು ಮಾಡುತ್ತಿದ್ದ ಮೂರು ಕೆಲಸ ಈಗ ನಿಮ್ಮ ತಲೆಯ ಮೇಲೆ ಬಿದ್ದಿದೆ. ನಿಮ್ಮ ಎರಡೂ ಪ್ರಯೋಗ ಕೆಟ್ಟಿದ್ದು ಇಲ್ಲಿಯೇ.

ಮೊದಲು ಆ ವಾಸನೆಯ ವಿಷಯ. ಕೊಂಜಾಕ್ ಒಂದು ಗೆಡ್ಡೆ, ನಮ್ಮ ಸುವರ್ಣಗೆಡ್ಡೆಯ ಕುಲದ್ದೇ. ಎರಡೂ ಅಮಾರ್ಫೋಫ್ಯಾಲಸ್ ಜಾತಿಗೆ ಸೇರಿದವು, ಹಸಿಯಾಗಿ ಮುಟ್ಟಿದರೆ ಎರಡೂ ತುರಿಸುತ್ತವೆ. ವ್ಯತ್ಯಾಸವೇನೆಂದರೆ ಸುವರ್ಣಗೆಡ್ಡೆಯಲ್ಲಿ ಇರುವುದು ಹೆಚ್ಚಾಗಿ ಪಿಷ್ಟ, ಕೊಂಜಾಕ್‌ನಲ್ಲಿ ಗ್ಲುಕೋಮನ್ನಾನ್ ಎಂಬ ನಾರು. ಹಾಗಾಗಿ ಮನೆಯ ಸುವರ್ಣಗೆಡ್ಡೆಯಿಂದ ಇದನ್ನು ಮಾಡಿಕೊಳ್ಳುತ್ತೇನೆ ಎನ್ನುವಂತಿಲ್ಲ. ಜಪಾನಿನಲ್ಲಿ ಇದರ ಬೆಳೆಯ ಬಹುಪಾಲು ಗುನ್ಮಾ ಪ್ರಾಂತ್ಯದ್ದು. ಗೆಡ್ಡೆಯನ್ನು ಒಣಗಿಸಿ ಹಿಟ್ಟು ಮಾಡಿ, ನೀರಿನಲ್ಲಿ ಕದಡಿ, ಸುಣ್ಣದ ನೀರು ಸೇರಿಸಿ, ಸಣ್ಣ ತೂತುಗಳ ಮೂಲಕ ಬಿಸಿನೀರಿಗೆ ಒತ್ತುತ್ತಾರೆ. ನಮ್ಮ ಒತ್ತು ಶ್ಯಾವಿಗೆಯ ಹಾಗೆಯೇ, ಹಬೆಯ ಬದಲು ನೀರು ಅಷ್ಟೆ. ಹಾಗೆ ಬಂದ ಎಳೆಗೆ ಅಲ್ಲಿ ಶಿರಾಟಾಕಿ ಎನ್ನುತ್ತಾರೆ, ಬಿಳಿ ಜಲಪಾತ ಎಂದರ್ಥ. ಅದರಲ್ಲಿ ನೂರಕ್ಕೆ ಸುಮಾರು 97 ಪಾಲು ನೀರು, ಉಳಿದದ್ದು ನಾರು. 100 ಗ್ರಾಂಗೆ 5ರಿಂದ 10 ಕ್ಯಾಲೊರಿ ಮಾತ್ರ.

ಮೀನಿನ ವಾಸನೆ ಬರುವುದು ಕೊಂಜಾಕ್ ಹಿಟ್ಟಿನಲ್ಲಿರುವ ಅಮೈನ್ ಎಂಬ ವಸ್ತುಗಳಿಂದ. ಸುಣ್ಣದ ಕ್ಷಾರ ತಾಗಿದಾಗ ಅವು ಗಾಳಿಗೆ ಬಿಡುಗಡೆಯಾಗುತ್ತವೆ. ಮೀನಿನ ವಾಸನೆಗೂ ಇದೇ ಬಗೆಯ ಅಮೈನ್ ಕಾರಣ, ಆದ್ದರಿಂದ ಮೂಗು ಮೋಸಹೋಗುತ್ತದೆ. ಪ್ಯಾಕೆಟ್‌ನೊಳಗೆ ಮೀನು ಇಲ್ಲ, ಅತ್ತೆಯವರಿಗೆ ಧೈರ್ಯವಾಗಿ ಹೇಳಿ. ಹಸಿರು ಚುಕ್ಕೆ ಇದೆಯೇ ನೋಡಿಕೊಂಡರೆ ಸಾಕು. ಕೆಲವು ಕಡೆ ಚಿಪ್ಪು ಸುಟ್ಟು ಮಾಡಿದ ಸುಣ್ಣವನ್ನು ಬಳಸುವುದುಂಟು. ಅದಕ್ಕೂ ಮನಸ್ಸು ಒಪ್ಪದವರು ಇದ್ದಾರೆ, ವೀಳ್ಯಕ್ಕೆ ಹಚ್ಚುವ ಚಿಪ್ಪಿನ ಸುಣ್ಣ ಒಪ್ಪಿದವರಿಗೆ ಇದೇನೂ ಹೊಸದಲ್ಲ.

ಕ್ಷಾರದಿಂದ ಬಂದ ವಾಸನೆ ಹೋಗುವುದು ಹುಳಿಯಿಂದ. ಪ್ಯಾಕೆಟ್ ಕತ್ತರಿಸಿ ಒಳಗಿನ ನೀರನ್ನು ಪೂರ್ತಿ ಚೆಲ್ಲಿ. ಎಳೆಗಳನ್ನು ಜರಡಿಗೆ ಹಾಕಿ ನಲ್ಲಿಯ ಕೆಳಗೆ ಎರಡು ನಿಮಿಷ, ಬೆರಳಿನಿಂದ ಬಿಡಿಸುತ್ತಾ ತೊಳೆಯಿರಿ. ಒಂದು ಲೀಟರ್ ನೀರು ಕುದಿಸಿ, ಒಂದು ದೊಡ್ಡ ಚಮಚ ವಿನೆಗರ್ ಅಥವಾ ಅರ್ಧ ನಿಂಬೆಹಣ್ಣಿನ ರಸ ಹಿಂಡಿ, ಎಳೆಗಳನ್ನು ಮೂರು ನಿಮಿಷ ಕುದಿಸಿ ಬಸಿಯಿರಿ. ಮತ್ತೊಮ್ಮೆ ತಣ್ಣೀರಿನಲ್ಲಿ ಜಾಲಿಸಿ. ತೊಳೆದದ್ದು ಸಾಕೇ ಎಂದು ತಿಳಿಯಲು ಪರೀಕ್ಷೆಯ ಸಾಮಾನು ನಿಮ್ಮ ಮಸಾಲೆ ಡಬ್ಬಿಯಲ್ಲೇ ಇದೆ. ನಲ್ಲಿಯಲ್ಲಿ ತೊಳೆದ ನೀರಿನ ಒಂದೆರಡು ಚಮಚವನ್ನು ಬಿಳಿ ಬಟ್ಟಲಿಗೆ ಹಿಡಿದು ಚಿಟಿಕೆ ಅರಿಶಿನ ಹಾಕಿ. ಆರತಿ ತಟ್ಟೆಯ ಓಕುಳಿಯಂತೆ ಕೆಂಪಗಾದರೆ ಸುಣ್ಣ ಇನ್ನೂ ಇದೆ, ಹಳದಿಯಾಗಿಯೇ ಉಳಿದರೆ ಮುಂದುವರಿಯಿರಿ. ಸರಿಯಾಗಿ ತೊಳೆಯದೆ ಅರಿಶಿನದ ಒಗ್ಗರಣೆಗೆ ಹಾಕಿದರೆ ಎಳೆಗಳು ಇಟ್ಟಿಗೆ ಬಣ್ಣಕ್ಕೆ ತಿರುಗಿ ಗಾಬರಿ ಹುಟ್ಟಿಸುವುದೂ ಇದರಿಂದಲೇ. ಹಾಗಾದರೆ ನಿಂಬೆರಸ ಹಿಂಡಿ, ಹಳದಿ ಮರಳುತ್ತದೆ.

ಇನ್ನು ರಬ್ಬರು. ನೀವು ಅರ್ಧ ಗಂಟೆ ಬೇಯಿಸಿದ್ದು ವ್ಯರ್ಥ. ಸುಣ್ಣ ಬಿದ್ದು ಬಿಸಿಯಲ್ಲಿ ಒಮ್ಮೆ ಕಟ್ಟಿದ ಗ್ಲುಕೋಮನ್ನಾನ್ ಮತ್ತೆ ಕರಗುವುದಿಲ್ಲ, ಎಷ್ಟು ಕುದಿಸಿದರೂ ಮೆತ್ತಗಾಗುವುದಿಲ್ಲ. ಅಗರ್ ಅಗರ್ (ಚೈನಾ ಗ್ರಾಸ್) ಬಿಸಿಗೆ ಕರಗುತ್ತದೆ, ಇದು ಅದರ ತದ್ವಿರುದ್ಧ. ಹಾಗಾಗಿ ಬೇಯಿಸುವ ಬದಲು ಒಣಗಿಸಬೇಕು. ಹೊರಮೈಯ ನೀರು ಹೋದಷ್ಟೂ ಜಾರುವಿಕೆ ಕಡಿಮೆಯಾಗಿ ಎಳೆಗೆ ಹಲ್ಲಿಗೆ ಸಿಗುವ ಬಿಗಿ ಬರುತ್ತದೆ, ಸಾಸ್ ಹಿಡಿಯುವ ಜಾಗವೂ ಆಗುತ್ತದೆ.

ಅಗಲವಾದ ಕಬ್ಬಿಣದ ಬಾಣಲೆ ಅಥವಾ ದೋಸೆ ಕಾವಲಿ ತೆಗೆದುಕೊಳ್ಳಿ. ನಾನ್‌ಸ್ಟಿಕ್ ಆದರೆ ಉರಿ ಮಧ್ಯಮಕ್ಕಿಂತ ಹೆಚ್ಚು ಮಾಡಬೇಡಿ, ಖಾಲಿ ನಾನ್‌ಸ್ಟಿಕ್ಕನ್ನು ಜೋರು ಉರಿಯಲ್ಲಿ ಕಾಯಿಸುವುದು ಒಳ್ಳೆಯದಲ್ಲ. ಎಣ್ಣೆ ಒಂದು ತೊಟ್ಟೂ ಬೇಡ. ಬಸಿದ ಎಳೆಗಳನ್ನು ಬಟ್ಟೆಯಲ್ಲಿ ಒತ್ತಿ ಒರೆಸಿ ಬಾಣಲೆಗೆ ಹರಡಿ. ಮೊದಲ ಎರಡು ನಿಮಿಷ ಬಾಣಲೆಯ ತಳದಲ್ಲಿ ನೀರು ಕಾಣಿಸಿಕೊಂಡು ಕುದಿಯುತ್ತದೆ. ನಾಲ್ಕನೇ ನಿಮಿಷದ ಹೊತ್ತಿಗೆ ಹಬೆ ತೆಳುವಾಗುತ್ತದೆ. ಆಮೇಲೆ ಇಕ್ಕಳದಿಂದ ಎಳೆಗಳನ್ನು ಎಳೆದಾಡಿಸಿದರೆ ಒದ್ದೆ ಗಾಜಿನ ಮೇಲೆ ಬೆರಳು ಉಜ್ಜಿದಂತೆ ಕೀಚ್ ಕೀಚ್ ಸದ್ದು ಬರತೊಡಗುತ್ತದೆ. ಆ ಸದ್ದು ಬಂದ ಮೇಲೆ ಇನ್ನೊಂದು ನಿಮಿಷ, ಅಷ್ಟೇ. ಒಟ್ಟು ಆರರಿಂದ ಎಂಟು ನಿಮಿಷ. ಇದಕ್ಕಿಂತ ಹೆಚ್ಚು ಹೊತ್ತು ಬಿಟ್ಟರೆ ಎಳೆ ಸಣ್ಣಗಾಗಿ ದಾರದಂತೆ ಗಟ್ಟಿಯಾಗುತ್ತದೆ, ಆಗ ನಿಜಕ್ಕೂ ರಬ್ಬರು. ಎಣ್ಣೆ ಮೊದಲೇ ಹಾಕಿದರೆ ಎಳೆಯ ಮೇಲೆ ಪದರ ಕಟ್ಟಿ ಒಳಗಿನ ನೀರು ಹೊರಬರುವುದಿಲ್ಲ. ತಿನ್ನುವಾಗ ತೊಟ್ಟಿಕ್ಕುವುದು ಆ ನೀರೇ.

ಇಷ್ಟೆಲ್ಲ ಮಾಡಿದ ಮೇಲೂ ಇದು ಗೋಧಿ ನೂಡಲ್ಸ್ ಆಗುವುದಿಲ್ಲ. ಹಲ್ಲಿಗೆ ಒಂದು ಪುಟಿತ ಇದ್ದೇ ಇರುತ್ತದೆ. ಗಾಜಿನಂಥ ಹೆಸರುಪಿಷ್ಟದ ನೂಡಲ್ಸ್ ತಿಂದು ಗೊತ್ತಿರುವವರಿಗೆ ಇದು ಬೇಗ ಒಗ್ಗುತ್ತದೆ. ಮ್ಯಾಗಿಯ ಮೆತ್ತನೆಯನ್ನೇ ಬಯಸುವವರಿಗೆ ಒಗ್ಗದು, ಅವರಿಗೆ ಬೇರೆ ದಾರಿ ಕೆಳಗೆ ಹೇಳಿದ್ದೇನೆ.

ರುಚಿ ಹಿಡಿಯದಿರುವುದು ಇನ್ನೊಂದು ದೂರು. ಜೆಲ್ಲಿಯಂಥ ಈ ಎಳೆಯೊಳಗೆ ಉಪ್ಪು, ಹುಳಿ ನಿಧಾನವಾಗಿ ಇಳಿಯುತ್ತವೆ. ಎರಡು ಉಪಾಯ. ಒಂದು, ಸಾಸನ್ನು ಹೊರಗೆ ಅಂಟಿಸುವುದು: ಒಂದು ಚಿಕ್ಕ ಚಮಚ ಕಾರ್ನ್‌ಫ್ಲೋರನ್ನು ಮೂರು ಚಮಚ ತಣ್ಣೀರಿನಲ್ಲಿ ಕಲಸಿ ಕೊನೆಗೆ ಸುರಿದರೆ ಅರ್ಧ ನಿಮಿಷದಲ್ಲಿ ಸಾಸ್ ಎಳೆಗೆ ಹೊಳಪಾಗಿ ಕೂರುತ್ತದೆ. ಇದರಿಂದ ಏರುವುದು ಹತ್ತು ಕ್ಯಾಲೊರಿ, ಅಷ್ಟಕ್ಕೆ ಜಿಪುಣತನ ಬೇಡ. ಇನ್ನೊಂದು, ಸಾರಿನಲ್ಲೇ ಹತ್ತು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ, ಒಲೆ ಆರಿಸಿ ಮತ್ತೆ ಹತ್ತು ನಿಮಿಷ ಮುಚ್ಚಿಡುವುದು.

ಈಗ ಒಬ್ಬರಿಗೆ ಒಂದು ಪೂರ್ತಿ ಊಟ ಲೆಕ್ಕ ಹಾಕೋಣ. ನೀರು ಬಸಿದ ತೂಕ 200 ಗ್ರಾಂ ಇರುವ ಕೊಂಜಾಕ್ ಒಂದು ಪ್ಯಾಕೆಟ್, ಉದ್ದುದ್ದ ಹೆಚ್ಚಿದ ಎಲೆಕೋಸು 75 ಗ್ರಾಂ, ಕ್ಯಾರೆಟ್ ಮತ್ತು ಬೀನ್ಸ್ ತಲಾ 40, ದೊಣ್ಣೆಮೆಣಸಿನಕಾಯಿ 50, ಗಟ್ಟಿ ತೋಫು (ಸೋಯಾ ಹಾಲಿನ ಪನೀರ್) 100 ಗ್ರಾಂ, ಬೆಳ್ಳುಳ್ಳಿ ನಾಲ್ಕು ಎಸಳು, ಎಣ್ಣೆ ಎರಡು ಚಿಕ್ಕ ಚಮಚ, ಸೋಯಾ ಸಾಸ್ ಎರಡು ಚಿಕ್ಕ ಚಮಚ, ವಿನೆಗರ್ ಒಂದು, ಕಾಳುಮೆಣಸಿನ ಪುಡಿ ಕಾಲು. ಒಣಹುರಿದ ಎಳೆಗಳನ್ನು ತಟ್ಟೆಗೆ ತೆಗೆದು, ಅದೇ ಬಾಣಲೆಗೆ ಒಂದು ಚಮಚ ಎಣ್ಣೆ ಹಾಕಿ ತೋಫುವಿನ ಎರಡು ಮಗ್ಗುಲು ಕೆಂಪಗೆ ಮಾಡಿ ತೆಗೆಯಿರಿ. ಉಳಿದ ಎಣ್ಣೆಯಲ್ಲಿ ಬೆಳ್ಳುಳ್ಳಿ ಹತ್ತು ಸೆಕೆಂಡು, ಆಮೇಲೆ ಬೀನ್ಸ್, ಕ್ಯಾರೆಟ್, ಕೊನೆಗೆ ಎಲೆಕೋಸು ಮತ್ತು ದೊಣ್ಣೆಮೆಣಸು. ಜೋರು ಉರಿಯಲ್ಲಿ ಮೂರು ನಿಮಿಷ ಸಾಕು. ಎಳೆ, ತೋಫು, ಸಾಸ್, ವಿನೆಗರ್ ಸೇರಿಸಿ ಒಂದು ನಿಮಿಷ, ಕಾರ್ನ್‌ಫ್ಲೋರ್ ನೀರು ಸುರಿದು ತಿರುವಿ ಇಳಿಸಿ. ಉಪ್ಪು ಬೇರೆ ಬೇಡ. ಎರಡು ಚಮಚ ಸೋಯಾ ಸಾಸಿನಲ್ಲೇ ಸುಮಾರು 600 ಮಿಲಿಗ್ರಾಂ ಸೋಡಿಯಂ ಇದೆ, ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಹೇಳುವ ಮಿತಿಯೇ 2000. ರಕ್ತದೊತ್ತಡ ಇರುವವರು ಒಂದು ಚಮಚಕ್ಕೆ ನಿಲ್ಲಿಸಿ, ಹುಳಿ ಮತ್ತು ಮೆಣಸು ಹೆಚ್ಚಿಸಿಕೊಳ್ಳಿ.

ಈ ತಟ್ಟೆ ಸುಮಾರು 300 ಕ್ಯಾಲೊರಿ ಆಗುತ್ತದೆ. ಅದರಲ್ಲಿ ಎಳೆಗಳ ಪಾಲು ಹದಿನೈದೋ ಇಪ್ಪತ್ತೋ, ಎಣ್ಣೆಯದೇ 80. ಇದೇ ಅಡುಗೆಯನ್ನು 80 ಗ್ರಾಂ ಒಣ ಗೋಧಿ ನೂಡಲ್ಸ್, ಎರಡು ದೊಡ್ಡ ಚಮಚ ಎಣ್ಣೆ ಹಾಕಿ ತೋಫು ಇಲ್ಲದೆ ಮಾಡಿದರೆ 580ರ ಹತ್ತಿರ. ಗಮನಿಸಿ: ಉಳಿತಾಯದಲ್ಲಿ 260 ನೂಡಲ್ಸ್‌ನಿಂದ ಬಂದರೆ 160 ಬಂದದ್ದು ಎಣ್ಣೆಯ ಚಮಚ ಬದಲಾಯಿಸಿದ್ದರಿಂದ; ಅದರಲ್ಲಿ ಒಂದಷ್ಟನ್ನು ತೋಫು ಮತ್ತೆ ತುಂಬಿತು. ಕೊಂಜಾಕ್ ತಂದು ಎಣ್ಣೆಯನ್ನು ಕಣ್ಣಳತೆಯಲ್ಲಿ ಸುರಿಯುವವರೇ ಹೆಚ್ಚು. ಒಂದು ದೊಡ್ಡ ಚಮಚ ಯಾವ ಎಣ್ಣೆಯಾದರೂ 120 ಕ್ಯಾಲೊರಿ, ಆಲಿವ್ ಎಣ್ಣೆ ಎಂದು ಅದಕ್ಕೆ ರಿಯಾಯಿತಿ ಇಲ್ಲ. ಬಾಟಲಿಯ ಶೆಜ್ವಾನ್ ಸಾಸಿನಲ್ಲೂ ಎಣ್ಣೆ ತೇಲುತ್ತಿರುತ್ತದೆ, ಕೆಚಪ್‌ನಲ್ಲಿ ಸಕ್ಕರೆ. ಅಳತೆ ಚಮಚ ಒಂದು ಜೊತೆ ಕೊಂಡುಕೊಳ್ಳಿ, ಕೊಂಜಾಕ್‌ನ ಒಂದು ಪ್ಯಾಕೆಟ್ಟಿನ ದುಡ್ಡಿಗೆ ಬರುತ್ತದೆ.

ತೋಫುವನ್ನು ಬಿಟ್ಟುಬಿಡಬೇಡಿ. ಕೊಂಜಾಕ್‌ನಲ್ಲಿ ಪ್ರೋಟೀನ್ ಇಲ್ಲವೇ ಇಲ್ಲ ಎನ್ನಬಹುದು. ಬರೀ ತರಕಾರಿಯ ಜೊತೆ ತಿಂದರೆ ಹೊಟ್ಟೆ ಉಬ್ಬಿದಂತಾಗಿ, ಎರಡು ಗಂಟೆಯಲ್ಲಿ ಹಸಿವು ಎದ್ದು, ಕೈ ಬಿಸ್ಕತ್ತಿನ ಡಬ್ಬಿಗೆ ಹೋಗುತ್ತದೆ. ತೋಫು ಹಿಡಿಸದಿದ್ದರೆ ಬೇಯಿಸಿದ ಕಡಲೆಕಾಳು ಒಂದು ಕಪ್, ಅಥವಾ 60 ಗ್ರಾಂ ಪನೀರ್. ಪನೀರ್ 100 ಗ್ರಾಂಗೆ 260ರಿಂದ 300 ಕ್ಯಾಲೊರಿ ಇರುವುದರಿಂದ ತೂಕ ಹಾಕಿಯೇ ಹಾಕಿ.

ನೀವು ಕೇಳಿದ ಶ್ಯಾವಿಗೆಯ ಅಡುಗೆಗಳಿಗೆ ಬಂದರೆ, ನಿಂಬೆಹುಳಿಯ ಚಿತ್ರಾನ್ನದ ಒಗ್ಗರಣೆ ಕೊಂಜಾಕ್‌ಗೆ ಹೇಳಿ ಮಾಡಿಸಿದ್ದು. ಉಳಿದ ಸ್ವಲ್ಪ ಕ್ಷಾರವನ್ನೂ ನಿಂಬೆ ಕೊಲ್ಲುತ್ತದೆ, ಹುರಿದ ಬೇಳೆ ಮತ್ತು ಕಡಲೆಬೀಜದ ಗರಿಗರಿ ಆ ಪುಟಿತವನ್ನು ಮರೆಸುತ್ತದೆ. ಒಂದು ಪ್ಯಾಕೆಟ್ಟಿಗೆ ಎಣ್ಣೆ ಎರಡು ಚಿಕ್ಕ ಚಮಚ, ಸಾಸಿವೆ, ಕಡಲೆಬೇಳೆ ಮತ್ತು ಉದ್ದಿನಬೇಳೆ ತಲಾ ಒಂದು ಚಮಚ, ಕಡಲೆಬೀಜ 10 ಗ್ರಾಂ, ಹಸಿಮೆಣಸು ಎರಡು, ಕರಿಬೇವು, ಇಂಗು, ಅರಿಶಿನ. ಒಣಹುರಿದ ಎಳೆಗಳನ್ನು ಕತ್ತರಿಯಿಂದ ಬೆರಳುದ್ದ ಕತ್ತರಿಸಿ ಹಾಕಿ, ಎರಡು ನಿಮಿಷ ತಿರುವಿ. ಉರಿ ಆರಿಸಿ ಅರ್ಧ ನಿಂಬೆ, ಒಂದು ದೊಡ್ಡ ಚಮಚ ತೆಂಗಿನ ತುರಿ, ಕೊತ್ತಂಬರಿ. ಹೆಚ್ಚೂಕಡಿಮೆ 200 ಕ್ಯಾಲೊರಿ. ಜೊತೆಗೆ ಒಂದು ಬಟ್ಟಲು ಗಟ್ಟಿ ಮೊಸರು ಅಥವಾ ಹೆಸರುಕಾಳಿನ ಉಸಲಿ ಇದ್ದರೆ ಊಟ ಆಯಿತು.

ಇನ್ನೂ ಸುಲಭದ್ದು ಸಾರು. ತಿಳಿಸಾರು, ಮೆಣಸಿನ ಸಾರು, ಬೇಳೆಕಟ್ಟಿನ ಸಾರು ಯಾವುದಾದರೂ ಸರಿ. ತೊಳೆದು ಕುದಿಸಿದ ಎಳೆಗಳನ್ನು ಒಣಹುರಿಯುವ ಗೋಜಿಲ್ಲದೆ ಸಾರಿಗೇ ಹಾಕಿ ಮೇಲೆ ಹೇಳಿದಂತೆ ಕುದಿಸಿ ಮುಚ್ಚಿಡಿ. ಸಾರಿನಲ್ಲಿ ನೀರು ದೋಷವಾಗುವುದಿಲ್ಲ, ಹುಣಸೆಹುಳಿ ವಾಸನೆಯನ್ನು ನುಂಗುತ್ತದೆ. ಮೊದಲ ಬಾರಿ ಮಾಡುವವರು, ಅತ್ತೆಯವರಿಗೂ ಬಡಿಸಬೇಕೆಂದಿರುವವರು ಇಲ್ಲಿಂದ ಶುರುಮಾಡಿ. ಜಪಾನೀಯರೂ ಇದನ್ನು ಹೆಚ್ಚಾಗಿ ತಿನ್ನುವುದು ಸುಕಿಯಾಕಿಯಂಥ ರಸದ ಅಡುಗೆಗಳಲ್ಲೇ. 

ಪಾಯಸಕ್ಕೆ ಹಾಕಬೇಡಿ. ಹಾಲು ಎಳೆಯೊಳಗೆ ಇಳಿಯದು, ಪಿಷ್ಟವಿಲ್ಲದೆ ಹಾಲು ಗಟ್ಟಿಯಾಗದು, ಸಿಹಿಯಲ್ಲಿ ಆ ಅಮೈನಿನ ವಾಸನೆ ಮತ್ತೆ ತಲೆಯೆತ್ತುತ್ತದೆ. ಯುಗಾದಿಗೆ ನಿಜವಾದ ಶ್ಯಾವಿಗೆ ಪಾಯಸವನ್ನೇ ಅರ್ಧ ಲೋಟ ಕುಡಿಯಿರಿ.

ತರಕಾರಿಯ ಎಳೆಗಳು

ಜುಕಿನಿಯಲ್ಲಿ ನೂರಕ್ಕೆ 95 ಪಾಲು ನೀರು. ಉಪ್ಪು ಬಿದ್ದ ಕೂಡಲೇ ಆ ನೀರು ಹೊರಬರುತ್ತದೆ, ಬಿಸಿಗೆ ಜೀವಕೋಶ ಒಡೆದು ಉಳಿದದ್ದೂ ಬರುತ್ತದೆ. ಅದು ಬಾಣಲೆಗೆ ಬರುವ ಮೊದಲೇ ತೆಗೆದುಬಿಡಬೇಕು. 300 ಗ್ರಾಂ ಎಳೆಗೆ ಅರ್ಧ ಚಿಕ್ಕ ಚಮಚ ಉಪ್ಪು ಬೆರೆಸಿ ಜರಡಿಯಲ್ಲಿ 20 ನಿಮಿಷ ಇಡಿ. ತೊಳೆಯದೆ, ತೆಳು ಬಟ್ಟೆಯಲ್ಲಿ ಕಟ್ಟಿ, ಪನೀರಿನ ನೀರು ಹಿಂಡುವಂತೆ ಗಟ್ಟಿಯಾಗಿ ಹಿಂಡಿ. ಅರ್ಧ ಲೋಟದಷ್ಟು ನೀರು ಬಂದರೂ ಆಶ್ಚರ್ಯಪಡಬೇಡಿ. ಬಾಣಲೆ ಹೊಗೆಯಾಡುವಷ್ಟು ಕಾದಿರಲಿ, ಎಳೆ ಎರಡೇ ನಿಮಿಷ ಇರಲಿ, ಮುಚ್ಚಳ ಮುಚ್ಚಲೇಬೇಡಿ, ಉಪ್ಪು ಮತ್ತೆ ಹಾಕಬೇಡಿ. ಇಬ್ಬರಿಗೆ ಸಾಲುವಷ್ಟು ಎಳೆಯನ್ನು ಒಂದೇ ಬಾಣಲೆಗೆ ಸುರಿದರೆ ಕಾವು ಇಳಿದು ಅದು ಹುರಿಯುವ ಬದಲು ಬೇಯುತ್ತದೆ. ಎರಡು ಸಲ ಮಾಡಿ.

ಆದರೂ ಜುಕಿನಿಗೇ ಏಕೆ ಅಂಟಿಕೊಳ್ಳಬೇಕು? ಅದರ ಹೆಸರು ಕೇಳಿಬಂದದ್ದು ಪರದೇಶದ ಅಡುಗೆಯ ವಿಡಿಯೋಗಳಿಂದ, ಬೆಲೆಯೂ ದುಬಾರಿ. ಎಳೆ ತೆಗೆಯಲು ಅದಕ್ಕಿಂತ ಚೆನ್ನಾದ ಎರಡು ತರಕಾರಿ ನಮ್ಮ ಸಂತೆಯಲ್ಲೇ ಇವೆ. ಒಂದು ನವಿಲುಕೋಸು, 100 ಗ್ರಾಂಗೆ 27 ಕ್ಯಾಲೊರಿ. ಇದು ನೀರು ಕಡಿಮೆ ಬಿಡುತ್ತದೆ, ಎಳೆ ಮುರಿಯುವುದಿಲ್ಲ. ಬುಡದ ಕಡೆ ಸಿಪ್ಪೆಯ ಕೆಳಗೆ ಬಿಳಿ ನಾರಿನ ಪದರ ಇರುತ್ತದೆ, ಅದನ್ನೂ ದಪ್ಪಗೆ ಹೆರೆದು ತೆಗೆಯದಿದ್ದರೆ ಬಾಯಲ್ಲಿ ದಾರ ಸಿಗುತ್ತದೆ. ಟೆನಿಸ್ ಚೆಂಡಿಗಿಂತ ದೊಡ್ಡದು ಬೇಡ. ಇನ್ನೊಂದು ಸೀಮೆಬದನೆ, 19 ಕ್ಯಾಲೊರಿ. ಬೆಂದರೂ ಗರಿಮುರಿ ಉಳಿಯುತ್ತದೆ. ಹೆರೆಯುವಾಗ ಬರುವ ಅಂಟು ಕೈಗೆ ತಾಗಿದರೆ ಚರ್ಮ ಬಿಗಿದು ಸುಲಿದಂತಾಗುತ್ತದೆ, ಆದ್ದರಿಂದ ನೀರಿನೊಳಗೇ ಹೆರೆಯಿರಿ ಇಲ್ಲವೇ ಕೈಗೆ ಎಣ್ಣೆ ಸವರಿಕೊಳ್ಳಿ. ಎರಡನ್ನೂ 3 ಮಿಲಿಮೀಟರ್ ದಪ್ಪದ ಎಳೆ ಮಾಡಿ ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದು, ಬಟ್ಟೆಯ ಮೇಲೆ ಹರಡಿ ಆರಿಸಿದರೆ ಒಗ್ಗರಣೆಗೆ ಸಿದ್ಧ. ಸುರುಳಿ ಯಂತ್ರ ಇಲ್ಲದಿದ್ದರೆ ಹಲ್ಲಿರುವ ಹೆರೆಮಣೆ ಸಾಕು. ಮೆಟ್ಟುಕತ್ತಿ ಅಥವಾ ಈಳಿಗೆಯಲ್ಲಿ ಕೈ ಪಳಗಿದವರಿಗೆ ಅದೂ ಬೇಡ. ಆದರೆ ಅರ್ಧ ಬೆರಳು ದಪ್ಪ ಸೀಳಿದರೆ ಅದು ಪಲ್ಯವೇ ಆಗುತ್ತದೆ.

ಸೋರೆಕಾಯಿ ಅಗ್ಗ, 15 ಕ್ಯಾಲೊರಿ, ಬೀಜದ ಭಾಗ ಬಿಟ್ಟು ಹೊರಗಿನ ಗಟ್ಟಿ ತಿರುಳು ಮಾತ್ರ ಎಳೆಗೆ ಬರುತ್ತದೆ. ಮೊದಲು ಒಂದು ಚೂರನ್ನು ಹಸಿಯಾಗಿ ನಾಲಿಗೆಗೆ ತಾಗಿಸಿ ನೋಡಿ. ಕಹಿಯಿದ್ದರೆ ಇಡೀ ಕಾಯಿಯನ್ನು ಎಸೆಯಿರಿ. ಕಹಿಗೆ ಕಾರಣವಾದ ಕುಕುರ್ಬಿಟಾಸಿನ್ ಬೇಯಿಸಿದರೂ ಹೋಗುವುದಿಲ್ಲ, ವಾಂತಿ, ರಕ್ತಭೇದಿ ತರಿಸುವಷ್ಟು ವಿಷ ಅದು. ಜುಕಿನಿ, ಸೌತೆಗೂ ಇದೇ ಮಾತು. ಸೌತೆಕಾಯಿ ಹಸಿಯಾಗಿ ತಣ್ಣನೆ ತಿನ್ನಲು ಮಾತ್ರ. ಹೀರೆಕಾಯಿ ಕರಗಿಹೋಗುತ್ತದೆ, ಬಿಟ್ಟುಬಿಡಿ. ಎಲೆಕೋಸನ್ನು ಉದ್ದಕ್ಕೆ ತೆಳ್ಳಗೆ ಹೆಚ್ಚಿದರೆ ಯಾವ ಯಂತ್ರವೂ ಇಲ್ಲದೆ ಎಳೆ ಸಿಗುತ್ತದೆ, ಹೆಚ್ಚು ಜನ ಅದನ್ನು ಮರೆಯುತ್ತಾರೆ.

ತರಕಾರಿ ಎಷ್ಟೇ ಹಿಂಡಿದರೂ ಸ್ವಲ್ಪ ನೀರು ಬಿಟ್ಟೇ ಬಿಡುತ್ತದೆ. ಅದಕ್ಕೆ ಹುರಿಗಡಲೆ ಹುಡಿ. ಒಲೆ ಆರಿಸುವ ಮುನ್ನ ಒಂದು ದೊಡ್ಡ ಚಮಚ ಉದುರಿಸಿ ತಿರುವಿದರೆ ನೀರನ್ನೆಲ್ಲ ಹೀರಿ ಮಸಾಲೆಯನ್ನು ಎಳೆಗೆ ಕಟ್ಟುತ್ತದೆ, ಎರಡು ಗ್ರಾಂನಷ್ಟು ಪ್ರೋಟೀನನ್ನೂ ಕೊಡುತ್ತದೆ. ಸುಮಾರು 40 ಕ್ಯಾಲೊರಿ. ಪಿಷ್ಟದ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಆಳು ಸಿಗದು.

ಹೆಸರಿಗೆ ಮೋಸಹೋಗಬೇಡಿ

ರಾಗಿ ಶ್ಯಾವಿಗೆ, ಸಿರಿಧಾನ್ಯದ ನೂಡಲ್ಸ್, ಓಟ್ಸ್ ನೂಡಲ್ಸ್, ಅಕ್ಕಿ ನೂಡಲ್ಸ್, ಹೆಸರುಪಿಷ್ಟದ ಗಾಜಿನ ನೂಡಲ್ಸ್, ಇವೆಲ್ಲ ಒಣ ತೂಕದಲ್ಲಿ 100 ಗ್ರಾಂಗೆ ಗೋಧಿಯಂತೆಯೇ 350ರ ಆಸುಪಾಸು. ಕೆಲವದರಲ್ಲಿ ನಾರು ಹೆಚ್ಚು ಎನ್ನುವುದು ನಿಜ, ಆದರೆ ಅವು ಕಡಿಮೆ ಕ್ಯಾಲೊರಿಯ ಬದಲಿ ಅಲ್ಲ. ರಾಗಿಯದೆಂದು ಬರೆದ ಪ್ಯಾಕೆಟ್ಟಿನ ಹಿಂದೆ ಪದಾರ್ಥಗಳ ಪಟ್ಟಿ ಓದಿ, ಮೊದಲ ಹೆಸರು ಗೋಧಿಹಿಟ್ಟೋ ಮೈದಾವೋ ಇರುವುದು ಉಂಟು. ಪಟ್ಟಿಯಲ್ಲಿ ಮೊದಲು ಬರುವುದೇ ಹೆಚ್ಚು ಇರುವುದು. ಸೋಯಾ ಅವರೆಯ ಪಾಸ್ತಾ ಪ್ರೋಟೀನಿಗೆ ಒಳ್ಳೆಯದು, ಕ್ಯಾಲೊರಿಯಲ್ಲಿ ಕಡಿಮೆಯೇನಲ್ಲ. ದಿಢೀರ್ ನೂಡಲ್ಸ್‌ನ 70 ಗ್ರಾಂ ಪ್ಯಾಕೆಟ್ಟು 300 ಕ್ಯಾಲೊರಿ. ಅದರ ಬಿಲ್ಲೆಯನ್ನು ಎಣ್ಣೆಯಲ್ಲಿ ಕರಿದು ಒಣಗಿಸಿರುತ್ತಾರೆ, ಲೆಕ್ಕ ಏರುವುದು ಅಲ್ಲಿ.

ಕೊಂಜಾಕ್ ಪ್ಯಾಕೆಟ್ಟಿನಲ್ಲಿ ನೋಡಬೇಕಾದದ್ದು: ನೀರು, ಕೊಂಜಾಕ್ ಹಿಟ್ಟು, ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಇಷ್ಟೇ ಇದ್ದರೆ ಅಸಲಿ. ಐಎನ್‌ಎಸ್ ಎಂದು ಬರೆಯುವ, ಆಹಾರಕ್ಕೆ ಸೇರಿಸುವ ವಸ್ತುಗಳ ಸಂಖ್ಯೆಗಳಲ್ಲಿ 425 ಎಂದರೆ ಕೊಂಜಾಕ್, 526 ಎಂದರೆ ಆ ಸುಣ್ಣ. ಓಟ್ಸ್ ನಾರು ಸೇರಿಸಿದ್ದು ಸ್ವಲ್ಪ ಬೆಳ್ಳಗೆ, ಸ್ವಲ್ಪ ಮೆತ್ತಗೆ ಇರುತ್ತದೆ, ಅದು ನಿಮಗೆ ಹೆಚ್ಚು ಹಿಡಿಸಬಹುದು. ಮರಗೆಣಸಿನ ಪಿಷ್ಟ ಸೇರಿಸಿದ್ದರೆ ಕ್ಯಾಲೊರಿ ಸಾಲನ್ನು ಮತ್ತೊಮ್ಮೆ ನೋಡಿ. ಲೆಕ್ಕ 100 ಗ್ರಾಂಗೋ ಒಂದು ಸಲದ ಪ್ರಮಾಣಕ್ಕೋ, ಪ್ಯಾಕೆಟ್ಟಿನ ತೂಕ ನೀರು ಸೇರಿಯೋ ಬಸಿದ ಮೇಲೋ ಎಂಬುದನ್ನೂ.

ಮೆತ್ತನೆಯ ಗೋಧಿ ನೂಡಲ್ಸೇ ಬೇಕು ಎನ್ನುವವರಿಗೆ ಅರ್ಧ-ಅರ್ಧ ಮಾಡುವುದು ಉತ್ತಮ. 40 ಗ್ರಾಂ ಒಣ ನೂಡಲ್ಸನ್ನು ಬೇಯಿಸಿ, 150 ಗ್ರಾಂ ನವಿಲುಕೋಸು ಅಥವಾ ಎಲೆಕೋಸಿನ ಎಳೆಯೊಂದಿಗೆ ಬೆರೆಸಿ. ತಟ್ಟೆ ತುಂಬುತ್ತದೆ, ನೂಡಲ್ಸಿನ ಪಾಲು 140 ಕ್ಯಾಲೊರಿಯಲ್ಲಿ ಮುಗಿಯುತ್ತದೆ, ಮಕ್ಕಳಿಗೂ ಅತ್ತೆಗೂ ಬೇರೆ ಅಡುಗೆ ಮಾಡುವ ಪಾಡಿಲ್ಲ. ಆ ಸ್ವಲ್ಪ ಗೋಧಿಯ ಪಿಷ್ಟ ತರಕಾರಿಯ ನೀರನ್ನೂ ಹಿಡಿದುಕೊಳ್ಳುತ್ತದೆ. ವರ್ಷಗಟ್ಟಲೆ ನಡೆಸಿಕೊಂಡು ಹೋಗಲು ಆಗುವುದು ಹೆಚ್ಚಿನ ಮನೆಗಳಲ್ಲಿ ಇದೇ. ಪ್ಯಾಕೆಟ್ಟಿನ ಕೊಂಜಾಕ್ ವಾರಕ್ಕೊಮ್ಮೆಯ ಬದಲಾವಣೆಗೆ ಸಾಕು.

ದಿನಾ ತಿನ್ನಬಹುದೇ ಎಂದಿರಿ. ಆರೋಗ್ಯವಾಗಿರುವವರು ವಾರಕ್ಕೆ ಮೂರು ನಾಲ್ಕು ಸಲ ತಿನ್ನಬಹುದು, ಒಂದು ಹೊತ್ತಿಗೆ ಮಾತ್ರ. ಮೊದಲ ವಾರ ಅರ್ಧ ಪ್ಯಾಕೆಟ್ಟಿನಿಂದ ಶುರುಮಾಡಿ, ದೊಡ್ಡ ಕರುಳಿನಲ್ಲಿ ಈ ನಾರು ಹುದುಗುವುದರಿಂದ ವಾಯು, ಹೊಟ್ಟೆಯುಬ್ಬರ ಆಗುವುದುಂಟು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2010ರಲ್ಲಿ ಗ್ಲುಕೋಮನ್ನಾನ್ ತೂಕ ಇಳಿಸಲು ನೆರವಾಗುತ್ತದೆ ಎಂಬ ಮಾತನ್ನು ಒಪ್ಪಿತು. ಆದರೆ ಷರತ್ತು ಇತ್ತು: ದಿನಕ್ಕೆ 3 ಗ್ರಾಂ, ಊಟಕ್ಕೆ ಮುಂಚೆ ಒಂದೊಂದು ಗ್ರಾಂನಂತೆ ಮೂರು ಸಲ, ಒಂದೆರಡು ಲೋಟ ನೀರಿನ ಜೊತೆ, ಮತ್ತು ಒಟ್ಟು ಕ್ಯಾಲೊರಿ ಕಡಿಮೆ ಮಾಡಿದ ಊಟಕ್ರಮದೊಳಗೆ. ಆ ಕೊನೆಯ ಷರತ್ತನ್ನು ಜಾಹೀರಾತುಗಳು ನುಂಗಿಬಿಡುತ್ತವೆ.

ಚೆನ್ನಾಗಿ ಅಗಿದು ತಿನ್ನಿ. ಉದ್ದದ ಎಳೆಯನ್ನು ಹಾಗೇ ನುಂಗಿದರೆ ಕರಗುವಂಥದ್ದಲ್ಲ. ಹಲ್ಲಿಲ್ಲದ ಹಿರಿಯರಿಗೆ, ಚಿಕ್ಕ ಮಕ್ಕಳಿಗೆ, ನುಂಗಲು ಕಷ್ಟ ಇರುವವರಿಗೆ, ಹಿಂದೆ ಕರುಳು ಕಟ್ಟಿಕೊಂಡ ತೊಂದರೆ ಆದವರಿಗೆ ಕೊಡಬೇಡಿ. ನಿಮ್ಮ ಸಕ್ಕರೆ ಗಡಿಯಲ್ಲಷ್ಟೇ ಇದ್ದು ಮಾತ್ರೆ ಇಲ್ಲದಿದ್ದರೆ ಚಿಂತೆಯಿಲ್ಲ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ಶುರುವಾದರೆ, ಇಡೀ ಊಟದ ಪಿಷ್ಟವನ್ನು ಹೀಗೆ ತೆಗೆದಾಗ ಸಕ್ಕರೆ ತೀರ ಕೆಳಗಿಳಿಯಬಹುದು, ಡಾಕ್ಟರಿಗೆ ಮೊದಲೇ ಹೇಳಿ. ಥೈರಾಯ್ಡ್ ಮಾತ್ರೆ ಸೇರಿ ಯಾವ ಮಾತ್ರೆಯನ್ನಾದರೂ ಇದನ್ನು ತಿನ್ನುವ ಒಂದು ಗಂಟೆ ಮೊದಲು ಅಥವಾ ನಾಲ್ಕು ಗಂಟೆ ನಂತರ ತೆಗೆದುಕೊಳ್ಳಿ, ನಾರು ಔಷಧವನ್ನು ಹಿಡಿದಿಟ್ಟುಕೊಳ್ಳುತ್ತದೆ.

ಉಳಿದ ಎಳೆಗಳನ್ನು ಡಬ್ಬಿಯಲ್ಲಿ ನೀರು ಮುಳುಗುವಷ್ಟು ಹಾಕಿ ಫ್ರಿಜ್ಜಿನ ಕೆಳಗಿನ ಭಾಗದಲ್ಲಿಡಿ, ದಿನಾ ನೀರು ಬದಲಿಸಿ, ಎರಡು ದಿನದೊಳಗೆ ಮುಗಿಸಿ. ಫ್ರೀಜರಿಗೆ ತಾಗಿ ಹಿಮಗಟ್ಟಿದರೆ ನೀರು ಬೇರೆಯಾಗಿ ಎಳೆ ಸ್ಪಂಜಾಗುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ. ಬುತ್ತಿಗೆ ಒಯ್ಯುವುದಾದರೆ ನಿಂಬೆಯ ಒಗ್ಗರಣೆಯದನ್ನು ಒಯ್ಯಿರಿ. ಗೋಧಿ ನೂಡಲ್ಸ್ ಮಧ್ಯಾಹ್ನಕ್ಕೆ ಮುದ್ದೆಯಾಗುತ್ತದೆ, ಇದು ಆಗುವುದಿಲ್ಲ. ಕಡಲೆಬೀಜವನ್ನು ಮಾತ್ರ ಬೇರೆ ಪೊಟ್ಟಣದಲ್ಲಿ ಕಟ್ಟಿಕೊಳ್ಳಿ, ಹಬೆಗೆ ಮೆತ್ತಗಾಗುತ್ತದೆ.